ದೆಹಲಿಯವರೆಗಿನ ಉಪವಾಸ

ತುಮಕೂರು ಚಿಕ್ಕಪೇಟೆಯ ಸೀತಾರಾಮಯ್ಯನವರ ಮನೆಯಲ್ಲಿ ಒಲೆ ಎರಡು. ನಡುಮನೆಗೆ ಅಂಟಿಕೊಂಡ ದೊಡ್ಡ ಅಡುಗೆಮನೆಯಲ್ಲಿ ಅವರ ಹೆಂಡತಿ ಕೌಸಲ್ಯಮ್ಮ ಮನೆಮಂದಿಗೆಲ್ಲ ಬೇಯಿಸುತ್ತಿದ್ದಳು. ಅದರ ಹಿಂದಿನ ಕಿರುಕೋಣೆಯಲ್ಲಿ ಅವಳ ಅತ್ತೆ ಅಲಮೇಲಮ್ಮನವರು ಮಡಿಯುಟ್ಟು, ತಾವೇ ಬಾವಿಯಿಂದ ಸೇದಿದ ನೀರಿನಲ್ಲಿ, ತಮ್ಮೊಬ್ಬರಿಗೆ ಒಪ್ಪೊತ್ತಿನ ಅನ್ನ ಮಾಡಿಕೊಳ್ಳುತ್ತಿದ್ದರು. ಕೌಸಲ್ಯಮ್ಮ ಆ ಮನೆಗೆ ಬಂದು ಹದಿನಾರು ವರ್ಷವಾಗಿತ್ತು. ಅವಳ ಕೈಯ ಅನ್ನವಿರಲಿ, ಒಂದು ಲೋಟ ನೀರನ್ನೂ ಅತ್ತೆ ಮುಟ್ಟಿರಲಿಲ್ಲ. ಅದರ ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಕೌಸಲ್ಯಮ್ಮನ ತಂದೆ ಯೋಗನರಸಿಂಹಯ್ಯನವರು ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ಕಾಫಿ ಹೋಟೆಲು ಇಟ್ಟಿದ್ದರು.

“ಸಂಬಂಧ ನೋಡಿ ಒಪ್ಪಿದ್ದು ನಮ್ಮ ಯಜಮಾನರು. ಅವರ ಮಾತು ಮೀರಲಾರೆ. ಆದ್ರೆ ಊರವರ ಎಂಜಲು ಲೋಟ ತೊಳೆದ ಕೈ ಅದು,” ಎಂದು ಅಲಮೇಲಮ್ಮ ಮದುವೆಯಾದ ವಾರದಲ್ಲೇ ಹೇಳಿದ್ದರು. ಎರಡನೆಯ ಸಲ ಹೇಳುವ ಅಗತ್ಯ ಬೀಳಲಿಲ್ಲ.

ಆದರೂ ಮಗಳು ಪದ್ಮ ಹುಟ್ಟಿದಾಗ ಕೌಸಲ್ಯಮ್ಮನ ಬಾಣಂತನ ಮಾಡಿದವರು ಇದೇ ಅತ್ತೆ. ಬೆನ್ನಿಗೆ ಎಣ್ಣೆ ತಿಕ್ಕಿ, ಕುದಿಯುವ ನೀರು ಹೊಯ್ದು, ಬಾಣಂತಿ ಮೈಲಿಗೆಯೆಂದು ದಿನಕ್ಕೆ ಮೂರು ಸಲ ತಾವು ಸ್ನಾನ ಮಾಡಿ, ಮತ್ತೆ ಬಂದು ಕೂಸನ್ನೆತ್ತಿಕೊಂಡಿದ್ದರು. ಕೌಸಲ್ಯಮ್ಮ ಅದನ್ನೂ ಮರೆತಿರಲಿಲ್ಲ, ಇದನ್ನೂ ಮರೆತಿರಲಿಲ್ಲ.

ಆ ವರ್ಷ ಆಷಾಢಕ್ಕೆ ಮೊದಲು ದೆಹಲಿಯಿಂದ ಅಳಿಯನ ಕಾಗದ ಬಂತು. ಅಲಮೇಲಮ್ಮನವರ ಮಗಳು ದಾಕ್ಷಾಯಣಿಗೆ ಎಂಟು ತಿಂಗಳು. ಹಿಂದಿನ ಎರಡು ಕೂಸುಗಳೂ ಹುಟ್ಟುತ್ತಲೇ ಹೋಗಿದ್ದವು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟೇಳಬೇಡ ಎಂದಿದ್ದರು. ‘ಅವಳು ಹಗಲೆಲ್ಲ ಅಮ್ಮ ಅಮ್ಮ ಅಂತ ಅಳುತ್ತಾಳೆ. ನಮ್ಮ ಕಚೇರಿಯ ಗುರುಸಿದ್ದಯ್ಯನವರು ರಜಕ್ಕೆ ಬೆಂಗಳೂರಿಗೆ ಬಂದಿದ್ದಾರೆ. ಮುಂದಿನ ತಿಂಗಳು ವಿಮಾನದಲ್ಲಿ ಹಿಂದಿರುಗುತ್ತಾರೆ. ಅತ್ತೆಯವರಿಗೂ ಅದರಲ್ಲೇ ಟಿಕೆಟ್ ಮಾಡಿಸಿದ್ದೇನೆ,’ ಎಂದು ಬರೆದಿದ್ದ.

“ರೈಲಾಗಲ್ಲವೇನೋ?” ಎಂದರು ಅಲಮೇಲಮ್ಮ.

“ರೈಲಲ್ಲಿ ಮೂರು ದಿನ ಅಮ್ಮ. ಮೂರು ದಿನ ಬಾಯಿಗೆ ನೀರು ಹಾಕ್ದೆ ಕೂತಿರ್ತೀಯ?” ಎಂದರು ಸೀತಾರಾಮಯ್ಯ.

ಅದೇ ತೊಡಕು. ಅಲಮೇಲಮ್ಮ ಹತ್ತು ಜನ ಮುಟ್ಟುವಲ್ಲಿ ಕೂತು ಬಂದರೆಂದರೆ ಮತ್ತೆ ಸ್ನಾನ ಮಾಡಿ ಮಡಿಯುಡುವವರೆಗೂ ಏನನ್ನೂ ಬಾಯಿಗಿಡುವವರಲ್ಲ. ಹಣ್ಣಿಲ್ಲ, ಎಳನೀರಿಲ್ಲ, ತಾವೇ ಸೇದಿಟ್ಟ ನೀರೂ ಇಲ್ಲ. ಗುಬ್ಬಿಗೆ ಬಸ್ಸಿನಲ್ಲಿ ಹೋದರೂ ಅಷ್ಟೇ, ದೆಹಲಿಗೆ ಹೋದರೂ ಅಷ್ಟೇ.

ಸೀತಾರಾಮಯ್ಯ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟರು. ಅಂದು ಸಂಜೆ ಶಾಲೆಯ ದೊಡ್ಡ ಭೂಪಟವನ್ನೇ ಸುತ್ತಿಕೊಂಡು ಮನೆಗೆ ತಂದು ಗೋಡೆಗೆ ತೂಗುಹಾಕಿದರು. ಬೆಂಗಳೂರಿನ ಮೇಲೆ ಒಂದು ಗುಂಡುಸೂಜಿ, ದೆಹಲಿಯ ಮೇಲೆ ಇನ್ನೊಂದು. ನಡುವೆ ಪದ್ಮನ ಹೊಲಿಗೆ ಡಬ್ಬಿಯ ಕೆಂಪು ದಾರ ಬಿಗಿದು, ಅಡಿಕೋಲಿನಿಂದ ಅಳೆದರು.

“ಸಾವಿರದ ಎಂಬತ್ತು ಮೈಲಿ. ವಿಮಾನ ಗಂಟೆಗೆ ಮುನ್ನೂರು ಮೈಲಿ ಹಾರುತ್ತೆ. ಮೂರೂವರೆ ಗಂಟೆ ಅಮ್ಮ! ಇಲ್ಲಿ ಸ್ನಾನ ಮಾಡಿ ಹೊರಟ್ರೆ ಅಲ್ಲಿ ಸ್ನಾನ ಮಾಡಿ ಊಟಕ್ಕೆ ಕೂರಬಹುದು.”

“ಚೇಳೂರಿಗೆ ಹೋಗಿಬರೋಷ್ಟು ಹೊತ್ತು,” ಎಂದು ಅಲಮೇಲಮ್ಮ ಬೆರಗಾದರು. ದಾರವನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು.

ಟಿಕೆಟ್ಟು ಬಂದ ದಿನ ಆ ದಾರ ಸಡಿಲವಾಯಿತು. ಪದ್ಮ ಅದನ್ನು ಓದುತ್ತ ತಂದೆಗೆ, “ಅಣ್ಣಾ, ಇದರಲ್ಲಿ ಮದರಾಸು ಅಂತಿದೆ. ಅಲ್ಲಿ ಇಳಿದು ಬೇರೆ ವಿಮಾನ ಹತ್ಬೇಕಂತೆ. ಆಮೇಲೆ ನಾಗಪುರ. ದೆಹಲಿ ತಲುಪೋದು ರಾತ್ರಿ,” ಎಂದಳು.

“ರಾತ್ರಿ ಹೇಗಾಗುತ್ತೆ? ಕೊಡು ಇಲ್ಲಿ.” ಸೀತಾರಾಮಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತುಮಕೂರಿನ ಮೊದಲ ಬಸ್ಸಿನಿಂದ ಹಿಡಿದು ದಾಕ್ಷಾಯಣಿಯ ಮನೆಯ ಬಚ್ಚಲಿನವರೆಗೆ ಲೆಕ್ಕ ಹಾಕಿದರೆ ಹದಿನೆಂಟು ಗಂಟೆ.

“ದಾರ ನೆಟ್ಟಗೆ ಹೋಯ್ತು, ವಿಮಾನ ಮದರಾಸಿಗೆ ಹೋಗಿ ಹೋಗುತ್ತೆ,” ಎಂದಳು ಕೌಸಲ್ಯಮ್ಮ, ಮಜ್ಜಿಗೆ ಕಡೆಯುತ್ತ.

“ನೀನು ಸುಮ್ನಿರು. ಎಲ್ಲಾ ಗೊತ್ತಿರೋ ಹಾಗೆ.”

“ನಾನೇನಂದೆ? ಅತ್ತೆಗೆ ಹೋದ ವರ್ಷ ಜ್ವರ ಬಂದು ಎದ್ದಾಗಿನಿಂದ ಏಕಾದಶಿಗೂ ಹಾಲು ಕುಡೀಬೇಕು ಅಂದವ್ರು ಡಾಕ್ಟ್ರು. ಹದಿನೆಂಟು ಗಂಟೆ ಹೇಗಿರ್ತಾರೆ ಅಂತ ಕೇಳ್ದೆ.”

“ಇರ್ತೀನಿ,” ಎಂದರು ಅಲಮೇಲಮ್ಮ ಒಳಗಿನಿಂದ. “ನನ್ನ ಉಪವಾಸದ ಯೋಚನೆ ನಿನಗ್ಯಾಕೆ?”

ಸುದ್ದಿ ಗುಬ್ಬಿಗೆ ಮುಟ್ಟಿತು. ಅಲಮೇಲಮ್ಮನವರ ಮೈದುನ ವೆಂಕಟೇಶಯ್ಯನವರು ಆ ಭಾನುವಾರವೇ ಬಸ್ಸು ಹತ್ತಿ ಬಂದರು. ಶಾನುಭೋಗಿಕೆ ಮಾಡಿದವರು, ಮಾತು ಖಂಡತುಂಡ. ವರ್ಷವರ್ಷ ಪುಷ್ಯದಲ್ಲಿ ತೀರಿಕೊಂಡ ಅಣ್ಣನ ವೈದಿಕ ಗುಬ್ಬಿಯ ಹಳೆಯ ಮನೆಯಲ್ಲೇ ನಡೆಯುತ್ತಿತ್ತು. ಅಂದಿನ ಅಡುಗೆ ಅತ್ತಿಗೆಯ ಕೈಯದೇ ಆಗಬೇಕು, ಬ್ರಾಹ್ಮಣರು ಅದನ್ನು ಹೊಗಳಿಕೊಂಡೇ ಉಣ್ಣಬೇಕು. ತುಮಕೂರಿಗೆ ಬಂದರೂ ಅವರು ಉಣ್ಣುತ್ತಿದ್ದುದು ಹಿಂದಿನ ಕೋಣೆಯ ಒಲೆಯ ಅಡುಗೆಯನ್ನೇ.

“ಹಾರೋದಕ್ಕೆ ನಾನು ಬೇಡ ಅನ್ನಲ್ಲ ಅತ್ತಿಗೆ. ಸಮುದ್ರ ದಾಟೋದಲ್ಲ, ಶಾಸ್ತ್ರದಲ್ಲಿ ವಿಮಾನಕ್ಕೆ ದೋಷ ಹೇಳಿಲ್ಲ. ಆದ್ರೆ ದಾರೀಲಿ ತಲೆ ತಿರುಗಿ ಬಿದ್ರಿ ಅನ್ನಿ. ಯಾವಳೋ ಗೌನು ಹಾಕ್ಕೊಂಡವಳು ಬಾಯಿಗೆ ಕಾಫಿನೋ ಮತ್ತೊಂದೋ ಹುಯ್ದುಬಿಟ್ರೆ? ಆಮೇಲೆ ಅಣ್ಣನ ವೈದಿಕಕ್ಕೆ ನಿಮ್ಮ ಕೈಲಿ ಅಡುಗೆ ಮಾಡಿಸೋದು ಹೇಗೆ?”

“ಬೀಳಲ್ಲ ವೆಂಕಟೇಶ.”

“ಮೊದಲು ಮನೇಲಿ ಕೂತು ತೋರಿಸಿ. ಮಂಗಳವಾರ ನಾನೂ ಇರ್ತೀನಿ. ಬೆಳಗಿನ ಬಸ್ಸಿನ ಹೊತ್ತಿಗೆ ಕೂತ್ಕೊಳಿ. ರಾತ್ರಿವರೆಗೂ ಕೂತ್ರೆ ಹೋಗಿ. ಇಲ್ದಿದ್ರೆ ಟಿಕೆಟ್ ವಾಪಸ್ ಕಳಿಸಿಬಿಡ್ಲಿ ಸೀತಾರಾಮು.”

“ಚಿಕ್ಕಪ್ಪ ಹೇಳೋದು ನ್ಯಾಯ,” ಎಂದರು ಸೀತಾರಾಮಯ್ಯ. ಭೂಪಟದ ಮುಂದೆ ಮುಖಭಂಗವಾದ ಮೇಲೆ ಅವರಿಗೆ ಯಾರ ಮಾತಾದರೂ ನ್ಯಾಯವಾಗಿಯೇ ಕಾಣುತ್ತಿತ್ತು.

ಹಾಗೆ ಮಂಗಳವಾರ ನಡುಮನೆಯಲ್ಲಿ ವಿಮಾನ ಹಾರಿತು. ಬೆತ್ತದ ಕುರ್ಚಿಯನ್ನು ಗೋಡೆಯ ಪಕ್ಕ ಹಾಕಿದರು. ಕುರ್ಚಿ ಎಲ್ಲರೂ ಕೂರುವಂಥದ್ದು, ಮೈಲಿಗೆ. ಅಲಮೇಲಮ್ಮ ಅದರಲ್ಲಿ ಕೂತ ಗಳಿಗೆಯಿಂದ ಉಪವಾಸ ಶುರು. ವಿಮಾನದ ಸದ್ದಿಗೆಂದು ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡರು. ಶಾಲೆಗೆ ಹೊರಡುವವರೆಗೂ ಪದ್ಮ ಕಂಬಕ್ಕೊರಗಿ ಹಾಸ್ಯಕ್ಕೆಂದು ಕೂಗುತ್ತಿದ್ದಳು: “ಅಜ್ಜೀ, ಬೆಂಗಳೂರು ಬಿಟ್ಟಿತು. ಕೆಳಗೆ ನೋಡ್ಬೇಡಿ!”

“ಹೋಗೇ, ಕತ್ತೆ,” ಎಂದು ಅಲಮೇಲಮ್ಮ ನಕ್ಕರು. ಮದರಾಸಿನವರೆಗೂ ನಗುತ್ತಿದ್ದರು. ಮಧ್ಯಾಹ್ನವಾದ ಮೇಲೆ ಮಾತು ನಿಂತಿತು. ವೆಂಕಟೇಶಯ್ಯನವರು ಹಿಂದಿನ ದಿನ ಅತ್ತಿಗೆ ಮಾಡಿಟ್ಟ ಅವಲಕ್ಕಿ ತಿಂದು ಜಗುಲಿಯಲ್ಲಿ ಮಲಗಿದರು.

ನಾಲ್ಕರ ಹೊತ್ತಿಗೆ, ಅಂದು ಶಾಲೆಗೆ ರಜ ಹಾಕಿದ್ದ ಸೀತಾರಾಮಯ್ಯನವರೂ ಅವರ ಚಿಕ್ಕಪ್ಪನೂ ಪೇಟೆಯ ಕಡೆ ಹೋದರು. ಪದ್ಮ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಕೌಸಲ್ಯಮ್ಮ ಒರಳಿನಲ್ಲಿ ದೋಸೆಗೆ ರುಬ್ಬುತ್ತಿದ್ದಳು. ನಡುಮನೆಯಿಂದ ಬೆತ್ತ ಕಿರುಗುಟ್ಟಿದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಆ ಇಲ್ಲದ ಸದ್ದಿಗೇ ಅವಳು ಹಿಟ್ಟಿನ ಕೈಯಲ್ಲೇ ಓಡಿದಳು.

ಅಲಮೇಲಮ್ಮನವರ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕೆಂಪು ಸೆರಗು ಜಾರಿತ್ತು. ತುಟಿ ಬೂದಿಯ ಬಣ್ಣ. ಕೌಸಲ್ಯಮ್ಮ ಮಡಿ ನೋಡಲಿಲ್ಲ, ಮೈಲಿಗೆ ನೋಡಲಿಲ್ಲ. ತನ್ನ ಕೊಡದಿಂದ ಲೋಟ ಮುಳುಗಿಸಿ ತಂದು, ಎಡಗೈಯಲ್ಲಿ ಅತ್ತೆಯ ಕತ್ತೆತ್ತಿ ಹಿಡಿದು ಬಾಯಿಗೆ ಹನಿಸಿದಳು. ಮೊದಲ ಗುಟುಕು ಕಟವಾಯಿಯಿಂದ ಹೊರಕ್ಕೆ ಬಂತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ಮುದುಕಿ ಕಣ್ಣು ಬಿಟ್ಟರು. ಯಾರ ಕೈ, ಯಾವ ಲೋಟ ಎಂದು ನೋಡಿದರು. ನೋಡಿ, ಲೋಟಕ್ಕೆ ತಾವೇ ಕೈ ಹಚ್ಚಿ ಪೂರ್ತಿ ಕುಡಿದರು.

“ಇನ್ನೊಂದು ಲೋಟ ತರ್ಲಾ ಅತ್ತೆ?”

“ತಾ.”

ಅದನ್ನೂ ಕುಡಿದರು. ಸೆರಗು ಎಳೆದುಕೊಂಡರು. “ಯಾರಿಗೂ ಹೇಳ್ಬೇಡ,” ಎಂದರು.

ಹೊರಗೆ ಚಪ್ಪಲಿಯ ಸದ್ದಾಯಿತು. ಲೋಟ ಕೌಸಲ್ಯಮ್ಮನ ಸೆರಗಿನಡಿ ಸೇರಿತು. ವೆಂಕಟೇಶಯ್ಯನವರು ಬಾಗಿಲಲ್ಲೇ ನಿಂತು ಕೇಳಿದರು, “ಏನತ್ತಿಗೆ, ನಾಗಪುರ ದಾಟಿತೋ?”

“ದಾಟಿತು,” ಎಂದರು ಅಲಮೇಲಮ್ಮ.

ರಾತ್ರಿಯವರೆಗೂ ಅವರು ಕೂತೇ ಇದ್ದರು. ವೆಂಕಟೇಶಯ್ಯನವರು ಕೈಮುಗಿದು, “ನಮ್ಮ ಅತ್ತಿಗೆ ಅಂದ್ರೆ ಅತ್ತಿಗೆ,” ಎಂದು ಬೆಳಿಗ್ಗೆ ಗುಬ್ಬಿಗೆ ಹೋದರು. ಟಿಕೆಟ್ಟು ದೇವರ ಪಟದ ಹಿಂದೆ ಉಳಿಯಿತು.

ಕೌಸಲ್ಯಮ್ಮನಿಗೆ ಅನ್ನ ರುಚಿಸದಾಯಿತು. ಹೇಳಿದರೆ ಅತ್ತೆ ಹೋಗುವುದಿಲ್ಲ. ದಾಕ್ಷಾಯಣಿ ಆ ದೂರದ ಊರಿನಲ್ಲಿ ಒಬ್ಬಳೇ ಹೆರಬೇಕು. ಹೇಳದಿದ್ದರೆ ಅತ್ತೆ ಆಕಾಶದಲ್ಲಿ ಹಾಗೇ ವಾಲಿಬಿಟ್ಟರೆ? ಅಲ್ಲಿ ಒರಳುಕಲ್ಲು ಬಿಟ್ಟು ಓಡಿಬರುವವರು ಯಾರು? ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಸೀತಾರಾಮಯ್ಯ ತಟ್ಟೆ ನೂಕಿದರು.

“ಏನಾಗಿದೆ ನಿನಗೆ? ಅಮ್ಮ ಹೋಗೋದು ಇಷ್ಟವಿಲ್ವಾ? ಮನೆಕೆಲಸ ಒಬ್ಬಳ ಮೇಲೆ ಬೀಳುತ್ತೆ ಅಂತಲಾ?”

“ಈಗೇನು ಇಬ್ಬರು ಮಾಡ್ತಿದೀವಾ?”

“ನೋಡು, ನಾಲಗೆ!”

“ಅಣ್ಣಾ, ಸಾರು ನಿಜವಾಗ್ಲೂ ಉಪ್ಪು. ಅಷ್ಟೇ. ಬೈಬೇಡಿ,” ಎಂದು ಪದ್ಮ ತನ್ನ ಮಜ್ಜಿಗೆಯನ್ನು ತಂದೆಯ ತಟ್ಟೆಗೆ ಬಡಿಸಿದಳು.

ಮರುದಿನ ಬಾವಿಕಟ್ಟೆಯಲ್ಲಿ ಅತ್ತೆ ಒಬ್ಬರೇ ಸಿಕ್ಕರು. ಕೌಸಲ್ಯಮ್ಮ ಮಡಿಗೆ ತಾಗದಷ್ಟು ದೂರ ನಿಂತಳು.

“ನಾನು ಇವರಿಗೆ ಹೇಳಿಬಿಡ್ತೀನಿ ಅತ್ತೆ.”

ಅಲಮೇಲಮ್ಮನವರ ಕೈಯಲ್ಲಿ ಹಗ್ಗ ನಿಂತಿತು. “ಹೇಳು. ಹೇಳಿ, ದಾಕ್ಷಾಯಣಿದು ಮೂರನೇ ಕೂಸೂ ಹೋಯ್ತು ಅಂತ ತಂತಿ ಬರ್ಲಿ. ಆಗ ನಿನಗೆ ಸಮಾಧಾನ.”

“ಅಂಥಾ ಮಾತು ಯಾಕೆ ಆಡ್ತೀರಿ? ದಾರೀಲಿ ನಿಮಗೇನಾದ್ರೂ ಆದ್ರೆ?”

“ಆದ್ರೆ ಆಯ್ತು. ಮಗಳ ಹತ್ರ ಹೋಗ್ತಾ ಸತ್ತೆ ಅಂತಾದ್ರೂ ಆಗುತ್ತೆ.”

“ಸತ್ತು ಅಲ್ಲಿಗೆ ಹೋಗಿ ಬಾಣಂತನ ಮಾಡ್ತೀರಾ?” ಮಾತು ಬಾಯಿಂದ ಬಿದ್ದ ಮೇಲೆ ಕೌಸಲ್ಯಮ್ಮನಿಗೇ ಭಯವಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ನಾನೊಂದು ಚೊಂಬು ನೀರು ಕೊಡ್ತೀನಿ. ಜೊತೇಲಿ ಒಯ್ಯಿರಿ. ಕುಡಿಯೋದು ಬಿಡೋದು ನಿಮಗೆ ಬಿಟ್ಟಿದ್ದು. ಒಯ್ತೀನಿ ಅಂದ್ರೆ ನಾನು ಬಾಯಿ ಬಿಡಲ್ಲ.”

“ಒಯ್ಯಲ್ಲ ಅಂದ್ರೆ?”

“ಇವತ್ತೇ ಹೇಳ್ತೀನಿ.”

“ಹೋಟೆಲಿನವರ ಬುದ್ಧಿ ಎಲ್ಲಿ ಹೋಗುತ್ತೆ! ವ್ಯಾಪಾರ ಮಾಡ್ತೀಯಲ್ಲೇ ನನ್ನ ಹತ್ರ.”

“ಹೂಂ ಅತ್ತೆ, ವ್ಯಾಪಾರಾನೇ.”

ಅಲಮೇಲಮ್ಮ ಕೊಡ ಮೇಲೆಳೆದುಕೊಂಡು, ಒಳಗೆ ಹೊರಟರು. ಆದರೆ ಬಾಗಿಲಲ್ಲಿ ಹಿಂದಿರುಗಿ, “ಚೊಂಬು ಮುಚ್ಚಳ ಭದ್ರ ಇರ್ಬೇಕು. ವಿಮಾನ ಅಲ್ಲಾಡುತ್ತಂತೆ,” ಎಂದರು.

ತಿರುಪಿನ ಮುಚ್ಚಳದ ಹಿತ್ತಾಳೆ ಚೊಂಬು ಇದ್ದದ್ದು ತವರಿನಲ್ಲಿ. ಕೌಸಲ್ಯಮ್ಮ ಶನಿವಾರ ಕುಣಿಗಲಿಗೆ ಹೋದಳು. ಯೋಗನರಸಿಂಹಯ್ಯನವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

“ನಮ್ಮ ಚೊಂಬು ನಿಮ್ಮತ್ತೆ ಮುಟ್ತಾರೇನಮ್ಮ?”

“ಮುಟ್ತಾರೆ ಅಣ್ಣಾ.”

ಅವರು ಹೋಟೆಲಿನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಆಳಿಗೆ ಕೊಡದೆ ತಾವೇ ಹುಣಸೆಹಣ್ಣು ಹಾಕಿ ಚೊಂಬನ್ನು ಉಜ್ಜಿದರು. ಮುಚ್ಚಳದ ಸುತ್ತಿನ ಒಳಗಿನ ಕಪ್ಪನ್ನು ತೆಗೆಯಲು ತೆಂಗಿನ ಗರಿಯ ಕಡ್ಡಿ ಸೀಳಿದರು. ಒಳಗೆ ಕಾಫಿ ಕಾದು ಆರಿತು, ಗಿರಾಕಿಗಳು ಕೂಗಿ ಕೂಗಿ ಹೋದರು. ಬಸ್ಸು ಹೊರಡುವ ಹೊತ್ತಿಗೆ ಚೊಂಬು ಬಂಗಾರದ ಹಾಗಿತ್ತು. “ಊರವರ ಕೈ ಇದಕ್ಕೆ ಸೋಕಿಲ್ಲ ಅಂತ ಹೇಳಮ್ಮ. ಇದು ನಿಮ್ಮಮ್ಮಂದು,” ಎಂದರು.

ಹೊರಡುವ ದಿನ ಬಂತು. ವೆಂಕಟೇಶಯ್ಯನವರು ಹಿಂದಿನ ದಿನವೇ ಬಂದು ಕೂತಿದ್ದರು. “ವಿಮಾನ ಏರೋದನ್ನ ನಾನೂ ಒಂದ್ಸಲ ನೋಡ್ತೀನಿ,” ಎಂದರು. ಮೊದಲ ಬಸ್ಸಿನಲ್ಲಿ ಎಲ್ಲರೂ ಬೆಂಗಳೂರು ಸೇರಿ, ಬಾಡಿಗೆ ಕಾರಿನಲ್ಲಿ ವಿಮಾನ ನಿಲ್ದಾಣ ಮುಟ್ಟಿದರು. ಗುರುಸಿದ್ದಯ್ಯನವರು, ಕೋಟು ತೊಟ್ಟ ದಪ್ಪ ಮನುಷ್ಯ, ಎದ್ದು ನಿಂತು ಕೈಮುಗಿದು ತಮ್ಮ ಬೆಂಚನ್ನು ಅಲಮೇಲಮ್ಮನವರಿಗೆ ಬಿಟ್ಟುಕೊಟ್ಟರು. ತಾವು ಮಾರು ದೂರ ನಿಂತರು, ತಾಗದ ಹಾಗೆ. ಕೌಸಲ್ಯಮ್ಮ ಅದನ್ನು ಗಮನಿಸಿದಳು.

ಆಕಾಶ ಬೂದಿಬಣ್ಣವಾಗಿತ್ತು. ವಿಮಾನ ಬರಲಿಲ್ಲ. ಮದರಾಸಿನ ಕಡೆ ಮೋಡ ಕವಿದಿದೆ, ಬರುವುದು ತಡ ಎಂದರು. ಒಂದು ಗಂಟೆ ಹೋಯಿತು. ಇನ್ನೊಂದೂ ಹೋಯಿತು. ಸೀತಾರಾಮಯ್ಯ ಗಡಿಯಾರ ನೋಡುವುದೂ ಕಿಟಕಿಗೆ ಹೋಗಿ ಕೇಳುವುದೂ ನಡೆದೇ ಇತ್ತು. ಲೆಕ್ಕದ ಹದಿನೆಂಟು ಗಂಟೆ ಇಪ್ಪತ್ತಾಯಿತು, ಇಪ್ಪತ್ತೊಂದಾಯಿತು, ಹೊರಡುವ ಮೊದಲೇ.

“ಸರಿಹೋಗುತ್ತೆ ಬಿಡು. ಮನೇಲಿ ಕೂತು ತೋರಿಸಿಲ್ವೇ?” ಎಂದರು ವೆಂಕಟೇಶಯ್ಯ. ಗುರುಸಿದ್ದಯ್ಯನವರ ಕಡೆ ತಿರುಗಿ, “ನೋಡಿ ಸ್ವಾಮಿ, ನೆನ್ನೆ ಮಧ್ಯಾಹ್ನ ಉಂಡದ್ದು. ತುಟಿ ಒದ್ದೆ ಮಾಡಿಲ್ಲ. ಈ ಕಾಲದಲ್ಲಿ ತೋರಿಸಿ ನೋಡೋಣ ಇಂಥವರನ್ನ,” ಎಂದರು.

ಗುರುಸಿದ್ದಯ್ಯನವರು, “ದೊಡ್ಡವರು. ಆದ್ರೆ ಅಮ್ಮನೋರ ಮುಖ ಯಾಕೋ ಬಾಡಿದೆ,” ಎಂದರು.

ಕೌಸಲ್ಯಮ್ಮ ನೋಡುತ್ತಲೇ ಇದ್ದಳು. ತುಟಿಯ ಅಂಚಿನಲ್ಲಿ ಅದೇ ಬೂದಿಬಣ್ಣ. ಬೆಂಚನ್ನು ಹಿಡಿದ ಬೆರಳು ಬಿಳಿಚಿದ್ದವು. ಬಟ್ಟೆಯ ಚೀಲದಲ್ಲಿ ಚೊಂಬು ಅವಳ ಮಡಿಲಲ್ಲೇ ಇತ್ತು. ವಿಮಾನ ಬಂದರೆ ಅತ್ತೆಯ ಕೈಗೆ ಕೊಡುವುದೆಂದು ಮಾತು. ಬರುವವರೆಗೆ ಏನು? ಮಾತು ಮಾತೇ, ಜೀವ ಜೀವವೇ. ಅವಳು ಎದ್ದು ನಿಂತಳು. ಗಂಡನ ಕಡೆ ತಿರುಗಿದಳು.

“ಏನೂಂದ್ರೆ, ನಾನೊಂದು ವಿಷಯ ಹೇಳ್ಬೇಕು—”

“ಕೌಸಲ್ಯ,” ಎಂದರು ಅಲಮೇಲಮ್ಮ. ದನಿ ಗಟ್ಟಿಯಾಗೇ ಇತ್ತು. ಪಕ್ಕದ ಬೆಂಚಿನವರೂ ತಿರುಗಿ ನೋಡಿದರು. “ಆ ಚೊಂಬು ತಾರೇ ಇಲ್ಲಿ.”

ತಿರುಪು ಬಿಗಿಯಾಗಿತ್ತು. ಕೌಸಲ್ಯಮ್ಮನ ಕೈಯಿಂದ ಮುಚ್ಚಳ ಬಿಚ್ಚಲಾಗಲಿಲ್ಲ. ಗುರುಸಿದ್ದಯ್ಯನವರು ಮುಂದೆ ಬಂದವರು ತಡೆದು ನಿಂತರು. ಅಲಮೇಲಮ್ಮನವರೇ ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿ ತಿರುಗಿಸಿದರು. ಆಮೇಲೆ ತಲೆಯೆತ್ತಿ, ಎತ್ತಿ ಹೊಯ್ದುಕೊಂಡು ಗಟಗಟ ಕುಡಿದರು. ನೀರು ಗಲ್ಲದಿಂದಿಳಿದು ಕೆಂಪು ಸೀರೆಯ ಮೇಲೆ ಹರಿಯಿತು.

“ಅತ್ತಿಗೆ!” ವೆಂಕಟೇಶಯ್ಯನವರ ಕೊಡೆ ಕೈಯಿಂದ ಬಿತ್ತು. “ಅದು ಯಾರು ಸೇದಿದ ನೀರು?”

“ಕೌಸಲ್ಯ ಸೇದಿದ್ದು.” ಅಲಮೇಲಮ್ಮ ಬಾಯೊರೆಸಿಕೊಂಡರು. “ಅವತ್ತು ಮನೇಲಿ ನಾಗಪುರದ ಹತ್ರ ಕುಡಿದಿದ್ನಲ್ಲ, ಅದೂ ಅವಳದೇ.”

“ಅಮ್ಮಾ...” ಎಂದರು ಸೀತಾರಾಮಯ್ಯ. ಹೆಂಡತಿಯ ಮುಖ ನೋಡಿದರು. ಉಪ್ಪಿನ ಸಾರು ನೆನಪಾಗಿರಬೇಕು, ಕಣ್ಣು ಕೆಳಗೆ ಹಾಕಿದರು.

“ನನಗೆ ಸುಳ್ಳು ಹೇಳಿದ್ರಿ ಹಾಗಾದ್ರೆ. ಇನ್ನು ಅಣ್ಣನ ವೈದಿಕಕ್ಕೆ ನಿಮ್ಮ ಕೈ ಅಡುಗೆ—”

“ಬೇರೆ ಯಾರನ್ನಾದ್ರೂ ನೋಡ್ಕೋ ವೆಂಕಟೇಶ. ನಿನಗೆ ಸುಳ್ಳು ಹೇಳಿದ್ದು ತಪ್ಪು, ಒಪ್ಪಿದೆ. ನನ್ನ ಗಂಡನಿಗೆ ಏನು ಹೇಳ್ಬೇಕೋ ನಾನು ಹೇಳ್ಕೋತೀನಿ. ಈ ಹುಡುಗೀನ ಮನೆಗೆ ತಂದಿದ್ದು ಅವರೇ ತಾನೆ?”

ಹೊರಗೆ ಗುಡುಗಿನ ಹಾಗೆ ಸದ್ದಾಯಿತು. ಮೋಡದಿಂದ ವಿಮಾನ ಇಳಿಯಿತು. ಜನ ಎದ್ದರು. ಕೌಸಲ್ಯಮ್ಮ ಚೊಂಬು ತುಂಬಿಸಲು ನಲ್ಲಿಯಿರಬಹುದೆಂದು ಸುತ್ತ ನೋಡಿ, ಅತ್ತೆಯನ್ನು ಕೇಳದೆ ಕೆಲಸವಾಗದೆಂದು ನಿಂತಳು. “ಅರ್ಧ ಇದೆ, ಸಾಕು,” ಎಂದರು ಅಲಮೇಲಮ್ಮ. ಚೊಂಬಿನ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡರು. ವಿಮಾನದ ಮೆಟ್ಟಿಲ ಬಳಿ ಗೌನಿನ ಹುಡುಗಿ ಕೈ ಚಾಚಿದಳು. ಅಲಮೇಲಮ್ಮ ಒಂದು ಗಳಿಗೆ ಆ ಕೈಯನ್ನು ನೋಡಿದರು. ಆಮೇಲೆ ಹಿಡಿದುಕೊಂಡು ಹತ್ತಿದರು.

ಉಳಿದವರು ತುಮಕೂರಿನ ಬಸ್ಸು ಹತ್ತಿದರು. ಬೆಳಗಿನಿಂದ ವೆಂಕಟೇಶಯ್ಯನವರೂ ಏನೂ ಮುಟ್ಟಿರಲಿಲ್ಲ. ಡಾಬಸ್‌ಪೇಟೆ ದಾಟಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆ ಮುಖ ಮಾಡಿಯೇ, “ಆ ಚೊಂಬಲ್ಲಿ ಏನಾದ್ರೂ ಉಳಿದಿತ್ತೇನಮ್ಮ?” ಎಂದರು.

“ಅತ್ತೆ ತಗೊಂಡು ಹೋದ್ರಲ್ಲ, ಚಿಕ್ಕಮಾವ.”

“ಹೌದಲ್ಲ,” ಎಂದರು ಅವರು.

ಮನೆಗೆ ಬಂದಾಗ ಹಿಂದಿನ ಕೋಣೆಯ ಒಲೆ ತಣ್ಣಗಿತ್ತು. ವೆಂಕಟೇಶಯ್ಯನವರು ಅದನ್ನೊಮ್ಮೆ ಇಣುಕಿ ನೋಡಿ ಬಾವಿಕಟ್ಟೆಗೆ ಹೋದರು, ತಾವೇ ಸೇದಿ ಬೊಗಸೆಯಲ್ಲಿ ಕುಡಿದರು. “ಎಲೆ ಹಾಕ್ಲಾ?” ಎಂದು ಕೌಸಲ್ಯಮ್ಮ ಕೇಳಿದಳು. “ಗುಬ್ಬಿ ಬಸ್ಸಿಗೆ ಹೊತ್ತಾಯ್ತು,” ಎಂದು ಅವರು ಕೊಡೆ ತೆಗೆದುಕೊಂಡರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ದಾರಿಗಿರಲೆಂದು ಎರಡು ಬಾಳೆಹಣ್ಣು ಮಾತ್ರ ಚಿಪ್ಪಿನಿಂದ ಆಗಲೇ ಕಿತ್ತು ಜಗುಲಿಯ ಮೇಲಿಟ್ಟಳು. ಅವರು ಹೋದ ಮೇಲೆ ನೋಡಿದರೆ ಎರಡರಲ್ಲಿ ಒಂದು ಹಣ್ಣು ಇರಲಿಲ್ಲ.

ಅಂದು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಸೀತಾರಾಮಯ್ಯ ಎರಡು ಸಲ ಎದ್ದು ಭೂಪಟದ ಮುಂದೆ ನಿಂತರು. ಮರುದಿನ ಮಧ್ಯಾಹ್ನ ತಂತಿಯವನು ಬಾಗಿಲಲ್ಲಿ ಬೆಲ್ ಮಾಡಿದಾಗ ಅವರೇ ಎದ್ದು ಹೋಗಿ ಇಸಿದುಕೊಂಡರು. ಓದಿದರು. ಮತ್ತೆ ಓದಿದರು.

“ತಲುಪಿದಾರೆ! ಆದ್ರೆ ಇದೇನು, ತಂತಿ ಆಫೀಸಿನವರು ಏನೋ ತಪ್ಪು ಮಾಡಿದಾರೆ. ‘ಮದರ್ ರೀಚ್ಡ್ ಚೊಂಬು ಎಂಪ್ಟಿ’ ಅಂತಿದೆ.”

“ಅಂದ್ರೆ?” ಎಂದಳು ಪದ್ಮ.

ಕೌಸಲ್ಯಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಕಾಗದ ಇಸಿದುಕೊಂಡಳು. ಇಂಗ್ಲಿಷ್ ಅಕ್ಷರ ಅವಳಿಗೆ ಕೂಡಿಸಿಕೊಂಡು ಓದುವಷ್ಟೇ ಬರುತ್ತಿತ್ತು. ಚೊಂಬು ಎನ್ನುವುದನ್ನು ಮಾತ್ರ ಬೆರಳಿಟ್ಟು ಓದಿದಳು.

“ತಪ್ಪಿಲ್ಲ. ಸರಿಯಾಗೇ ಇದೆ,” ಎಂದಳು.